ಮದ್ದು ಬಿಡುವುದು

ಮೇ ತಿಂಗಳು ಕಳೆಯುತ್ತಾ ಬಂತೆಂದರೆ ನಮ್ಮ ಕಡೆ ಎದುರಾದವರೆಲ್ಲ ಕೇಳುವುದು ಒಂದೇ ಮಾತು: ‘ಮದ್ದು ಬಿಟ್ಟಾಯಿತೇ?’ ಮಳೆಗಾಲದ ಕೊಳೆರೋಗ ತಡೆಯಲು ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸಿ ಆಯಿತೇ ಎಂದು ಅರ್ಥ. ಎರಡು ವರ್ಷಗಳ ಹಿಂದೆ ಬ್ಯಾಂಕಿನ ಕೆಲಸ ಮುಗಿಸಿ ಪೆರ್ಲದ ಬಸ್ಸಿನಲ್ಲಿ ಕುಳಿತಿದ್ದಾಗ ನೆರೆಮನೆಯ ಅಕ್ಕ ಪಕ್ಕಕ್ಕೆ ಬಂದು ಕುಳಿತು ಅದನ್ನೇ ಕೇಳಿದರು. ‘ನಿಮ್ಮದು ಮದ್ದು ಬಿಟ್ಟಾಯಿತೇ?’ ಅವರು ಕೇಳಿದ್ದು ತೋಟದ ವಿಷಯ. ನನ್ನ ಕೈ ಮಾತ್ರ ನನಗೇ ತಿಳಿಯದಂತೆ ಮಡಿಲಲ್ಲಿದ್ದ ಚೀಲದ ಒಳಜೇಬಿಗೆ ಹೋಯಿತು. ಅಲ್ಲಿ ಅರ್ಧ ಖಾಲಿಯಾದ ಮಾತ್ರೆಯ ಸ್ಟ್ರಿಪ್ ಇತ್ತು. ‘ಇಲ್ಲ ಅಕ್ಕ, ಬಿಡುತ್ತಾ ಇದ್ದೇವೆ’ ಎಂದೆ.

ಆಗ ನಾನು ಮಾತ್ರೆಯ ಬಲದಲ್ಲಿ ಕೆಲಸ ಮಾಡಲು ತೊಡಗಿ ಹದಿನೇಳು ತಿಂಗಳಾಗಿತ್ತು. ಇಷ್ಟು ಕಾಲ ಇದನ್ನು ಬರೆಯದೆ ಇದ್ದುದಕ್ಕೆ ಕಾರಣವಿದೆ. ನಾನೊಬ್ಬಳೇ ಮಾತ್ರೆ ನುಂಗಿದ್ದರೆ ಬಹುಶಃ ಯಾವಾಗಲೋ ಬರೆದುಬಿಡುತ್ತಿದ್ದೆ. ಇನ್ನೊಬ್ಬಳಿಗೂ ಕೊಟ್ಟಿದ್ದೆ.

ಆರು ಗಂಟೆಯ ಕರೆ

ಕೇರಳದ ಕಾಸರಗೋಡಿನ ಒಳನಾಡಿನ ಒಂದು ಪೇಟೆಯಲ್ಲಿ, ಏಳು ಜನರ ಬ್ಯಾಂಕ್ ಶಾಖೆಯೊಂದರಲ್ಲಿ ನಾನು ಅಧಿಕಾರಿ. ಚಿನ್ನದ ಸಾಲದ ಮೇಜು ನನ್ನದು. ಅದರ ಜೊತೆಗೆ ವಿಮೆಯ ಪಾಲಿಸಿಗಳನ್ನು ಮಾರುವ ಗುರಿಯೂ ನನ್ನದೇ. ಹಣಕಾಸು ವರ್ಷದ ಕೊನೆಯ ತಿಂಗಳುಗಳಲ್ಲಿ ಸಂಜೆ ಆರಕ್ಕೆ ಮೇಲಿನ ಕಚೇರಿಯಿಂದ ವಿಡಿಯೊ ಕರೆ ಬರುತ್ತದೆ. ಶಾಖೆಯ ಹೆಸರು ಕೂಗಿದ ಕೂಡಲೇ ಆ ದಿನದ ಅಂಕಿಗಳನ್ನು ಹೇಳಬೇಕು. ಮೂವತ್ತು ನಲವತ್ತು ಶಾಖೆಗಳವರು ಕೇಳಿಸಿಕೊಳ್ಳುತ್ತಿರುತ್ತಾರೆ. ‘ಎಂದಾಯಿ?’ ಎಂಬ ಒಂದು ಪದ ಆ ಕಡೆಯಿಂದ ಬರುವುದು, ಏನಾಯಿತು ಎಂದು. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಹೀಗೆ ಎಲ್ಲವೂ ನಾಲಿಗೆಯ ಮೇಲೆ ಇವೆ. ಮಲಯಾಳದಲ್ಲಿ ಮೀನು ಕೊಳ್ಳಬಲ್ಲೆ, ಜಗಳವಾಡಬಲ್ಲೆ, ಸಾವಿನ ಮನೆಯಲ್ಲಿ ಸಮಾಧಾನ ಹೇಳಬಲ್ಲೆ. ಆದರೆ ಬೆವರುವ ಕೈಯಲ್ಲಿ ಕಾಗದ ಹಿಡಿದು, ಸಾಧಿಸದ ಗುರಿಗೆ ವಿವರಣೆ ಕೊಡುವ ಮಲಯಾಳ ನನಗೆ ಬರುತ್ತಿರಲಿಲ್ಲ. ಮೊದಲು ಕನ್ನಡದಲ್ಲಿ ಹೊಳೆದು, ಅದು ಮಲಯಾಳವಾಗುವ ಮೊದಲೇ ಅವರು ಮುಂದಿನ ಶಾಖೆಗೆ ಹೋಗಿರುತ್ತಿದ್ದರು. ನನ್ನ ಮೌನ ಸೋಮಾರಿತನವೆಂದು ದಾಖಲಾಗುತ್ತಿತ್ತು.

ಮಧ್ಯಾಹ್ನ ಮೂರಕ್ಕೇ ಎದೆ ಹೊಡೆದುಕೊಳ್ಳಲು ತೊಡಗಿತು. ನಾಲ್ಕಕ್ಕೆ ಬೆರಳು ತಣ್ಣಗಾಗುತ್ತಿತ್ತು. ಹೃದಯದ ಕಾಯಿಲೆ ಎಂದೇ ಭಾವಿಸಿ ಒಂದು ಶನಿವಾರ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋದೆ. ಇಸಿಜಿ, ಥೈರಾಯ್ಡ್, ರಕ್ತ, ಎಲ್ಲವೂ ಸರಿಯಿತ್ತು. ವೈದ್ಯರು ಬಹಳ ಹೊತ್ತು ಮಾತನಾಡಿದರು. ‘ಚಿಕ್ಕಂದಿನಲ್ಲಿ ದಮ್ಮು ಇತ್ತೇ? ಮನೆಯಲ್ಲಿ ಯಾರಿಗಾದರೂ?’ ಎಂದು ಕೇಳಿದರು. ಇಲ್ಲವೆಂದೆ. ಎರಡು ಮಾತ್ರೆ ಬರೆದರು. ಕರೆಯ ಮೊದಲು ಬೇಕಾದರೆ ಪ್ರೊಪ್ರನೊಲಾಲ್ 20 ಮಿಲಿಗ್ರಾಂ, ರಾತ್ರಿ ಆತಂಕ ತಗ್ಗಿಸಿ ನಿದ್ದೆ ಬರಿಸುವ ಆಲ್‌ಪ್ರಜೊಲಾಮ್ ಅರ್ಧ ಮಿಲಿಗ್ರಾಂ. ಚೀಟಿಯಲ್ಲಿ ‘ಎರಡು ವಾರ’ ಎಂದು ಬರೆದು ಅದರ ಕೆಳಗೆ ಗೆರೆ ಎಳೆದಿದ್ದರು. ಕೆಲಸದ ಬಗ್ಗೆ ಮನೆಯವರೊಡನೆ, ಮೇಲಿನವರೊಡನೆ ಮಾತನಾಡಿ ಎಂದರು. ಹೂಂ ಎಂದೆ.

ಪ್ರೊಪ್ರನೊಲಾಲ್ ಹಳೆಯ ಮಾತ್ರೆ. 1960ರ ದಶಕದಲ್ಲಿ ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ ಇದನ್ನು ಎದೆನೋವಿನ ರೋಗಿಗಳಿಗಾಗಿ ರೂಪಿಸಿದರು. 1988ರಲ್ಲಿ ಅವರಿಗೆ ನೊಬೆಲ್ ಬಂತು. ಹೆದರಿದಾಗ ಮೈಯಲ್ಲಿ ಹರಿಯುವ ಅಡ್ರಿನಲಿನ್ ಹೃದಯದ ಬಾಗಿಲು ತಟ್ಟುವ ಜಾಗದಲ್ಲಿ ಇದು ಮೊದಲೇ ಹೋಗಿ ಕುಳಿತುಬಿಡುತ್ತದೆ. ಬಡಿತ ಏರುವುದಿಲ್ಲ, ಕೈ ನಡುಗುವುದಿಲ್ಲ. ವೇದಿಕೆ ಹತ್ತುವ ಮೊದಲು ಪಿಟೀಲು ನುಡಿಸುವವರೂ ಇದನ್ನು ತೆಗೆದುಕೊಳ್ಳುವುದುಂಟು. ಮೊದಲ ದಿನ ಐದು ಗಂಟೆಗೆ ನುಂಗಿದೆ. ಆರಕ್ಕೆ ನಮ್ಮ ಶಾಖೆಯ ಹೆಸರು ಬಂತು. ನನ್ನ ಮಲಯಾಳ ನೀರು ಹರಿದಂತೆ ಹರಿಯಿತು. ಅದೇ ಕಡಿಮೆ ಅಂಕಿಯನ್ನು ಹೇಳಿದೆ, ಆದರೆ ತೊದಲದೆ ಹೇಳಿದೆ. ಮೇಲಿನವರು ‘ನಾಳೆ ನೋಡೋಣ’ ಎಂದು ಬಿಟ್ಟರು. ಆ ಸಂಜೆಯ ಸಂತೋಷವನ್ನು ನಾನು ಸುಳ್ಳೆಂದು ಹೇಳಲಾರೆ. ಆರು ತಿಂಗಳ ಮೇಲೆ ಮೊದಲ ಬಾರಿ ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿಕೊಂಡು ಮನೆಗೆ ಹೋಗಿದ್ದೆ.

ಎರಡು ವಾರ ಹೇಗೆ ಹದಿನೇಳು ತಿಂಗಳಾಯಿತು ಎಂದರೆ ಉತ್ತರ ಸುಲಭ. ಮಾತ್ರೆ ತನ್ನ ಕೆಲಸ ಮಾಡಿತು, ಆದ್ದರಿಂದ ಮಾತನಾಡುವ ಅಗತ್ಯ ಬರಲಿಲ್ಲ. ಇನ್ನೊಂದು ಕಾರಣ ನಮ್ಮ ಊರಿನವರಿಗೆ ಮಾತ್ರ ಅರ್ಥವಾಗಬಹುದು. 2020ರ ಮಾರ್ಚಿನಲ್ಲಿ ಕೋವಿಡ್ ಎಂದು ತಲಪಾಡಿಯಲ್ಲಿ ರಸ್ತೆ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದು, ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ನಮ್ಮವರು ಸತ್ತ ದಿನಗಳನ್ನು ಯಾರೂ ಮರೆತಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲ ಮಾತ್ರೆಯೂ ಒಂದು ತಿಂಗಳಿಗೆ ಹೆಚ್ಚೇ ಇರುತ್ತದೆ. ಅಪ್ಪನ ರಕ್ತದೊತ್ತಡದ ಮಾತ್ರೆಯ ಜೊತೆ ನನ್ನದನ್ನೂ ಕೂಡಿಡಲು ತೊಡಗಿದೆ. ಕೂಡಿಟ್ಟದ್ದು ಇದ್ದರೆ ನುಂಗುವ ಕೈ ತಡೆಯುವುದಿಲ್ಲ.

ಆಲ್‌ಪ್ರಜೊಲಾಮ್ ಎಚ್‌1 ಪಟ್ಟಿಯ ಔಷಧಿ. ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ, ಕೊಟ್ಟರೆ ರೋಗಿಯ ಮತ್ತು ವೈದ್ಯರ ಹೆಸರನ್ನು ಬೇರೆಯೇ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಪೇಟೆಯ ಒಂದು ಮೆಡಿಕಲ್‌ನಲ್ಲಿ ವಯಸ್ಸಾದ ಅಣ್ಣನೊಬ್ಬರು ಆ ಪುಸ್ತಕ ತೆರೆದು, ನನ್ನ ಹಳೆಯ ಚೀಟಿಯ ತಾರೀಕು ನೋಡಿ, ಅದನ್ನು ಮಡಚಿ ನನ್ನ ಕೈಗೇ ಕೊಟ್ಟರು. ‘ಇದು ಮುಗಿದ ಚೀಟಿ ಅಕ್ಕ. ಡಾಕ್ಟರನ್ನು ಒಮ್ಮೆ ನೋಡಿಕೊಂಡು ಬನ್ನಿ.’ ನನಗೆ ಬಂದ ಸಿಟ್ಟು ಈಗ ನೆನೆದರೆ ಹೆದರಿಕೆಯಾಗುತ್ತದೆ. ಬ್ಯಾಂಕಿನ ಗ್ರಾಹಕರಾಗಿದ್ದ ಅವರನ್ನು ಒಂದು ವಾರ ಮಾತನಾಡಿಸಲಿಲ್ಲ. ಏನೂ ಕೇಳದೆ ಕೊಡುವ ಅಂಗಡಿಯನ್ನು ಇನ್ನೊಂದು ಊರಿನಲ್ಲಿ ಹುಡುಕಿಕೊಂಡೆ.

ಡ್ರಾವರಿನಲ್ಲಿ ಇದ್ದದ್ದು

ನಾನೊಬ್ಬಳೇ ಹೀಗೆ ಎಂದುಕೊಂಡಿದ್ದೆ. ಒಂದು ದಿನ ಸ್ಟೇಪ್ಲರ್ ಪಿನ್ ಹುಡುಕುತ್ತಾ ಸಹೋದ್ಯೋಗಿಯ ಮೇಜಿನ ಕೆಳಗಿನ ಡ್ರಾವರ್ ಎಳೆದಾಗ ಅದು ಮೆಡಿಕಲ್ ಶಾಪಿನ ಕಪಾಟಿನಂತೆ ಇತ್ತು. ಪ್ಯಾಂಟೊಪ್ರಜೋಲ್, ಪ್ಯಾರಾಸಿಟಮಾಲ್, ಬಿ ಕಾಂಪ್ಲೆಕ್ಸ್, ವಾರಕ್ಕೊಂದು ಎಂದು ಬರೆದಿದ್ದ ವಿಟಮಿನ್ ಡಿ ಪುಡಿಯ ಪೊಟ್ಟಣಗಳು, ಮೆಗ್ನೀಸಿಯಂ, ಅಶ್ವಗಂಧದ ಡಬ್ಬಿ. ಅವರು ನಾಚಿಕೊಳ್ಳಲಿಲ್ಲ. ‘ಬೇಕಾದರೆ ತೆಗೆದುಕೊಳ್ಳಿ ಮೇಡಂ’ ಎಂದರು. ಆಮೇಲೆ ನಾವೆಲ್ಲ ಪರಸ್ಪರ ಡ್ರಾವರುಗಳಿಂದ ತೆಗೆದುಕೊಳ್ಳಲು ತೊಡಗಿದೆವು. ತಲೆನೋವೆಂದರೆ ಒಂದು, ನಿದ್ದೆಯಿಲ್ಲವೆಂದರೆ ಇನ್ನೊಂದು. ಊಟ ಹಂಚಿಕೊಳ್ಳುವಂತೆಯೇ ಪ್ರೀತಿಯಿಂದ ಹಂಚಿಕೊಂಡೆವು. ಅದರಲ್ಲಿ ಕಪಟವಿರಲಿಲ್ಲ. ಅಪಾಯ ಕಣ್ಣಿಗೆ ಬೀಳದೆ ಹೋದದ್ದೂ ಅದಕ್ಕಾಗಿಯೇ.

ಒಂದೊಂದು ಮಾತ್ರೆಯ ಹಿಂದೆ ಹೋಗಿ ನೋಡಿದರೆ ಅಲ್ಲಿ ಕಾಯಿಲೆಯ ಬದಲು ದಿನಚರಿ ಸಿಗುತ್ತಿತ್ತು. ಮಧ್ಯಾಹ್ನ ಗ್ರಾಹಕರ ಸಾಲು ಕರಗದೆ ಊಟ ಮೂರೂವರೆಗೆ, ಆದ್ದರಿಂದ ಹೊಟ್ಟೆಯುರಿ, ಆದ್ದರಿಂದ ಬೆಳಿಗ್ಗೆ ಬರಿಹೊಟ್ಟೆಗೆ ಪ್ಯಾಂಟೊಪ್ರಜೋಲ್. ಅದನ್ನು ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯ ಆಮ್ಲ ಕುಗ್ಗಿ ಆಹಾರದಿಂದ ಬಿ12 ಸರಿಯಾಗಿ ಹೀರಿಕೊಳ್ಳಲಾಗದೆ ಹೋಗಬಹುದು. ಕೈಕಾಲು ಜೋಮು ಹಿಡಿಯುತ್ತದೆಂದು ಬಿ12 ಮಾತ್ರೆ. ಸಂಜೆಯ ಕರೆಗೆ ತಲೆ ಚುರುಕಾಗಿರಲೆಂದು ಐದೂವರೆಗೆ ಗಟ್ಟಿ ಚಹಾ. ಚಹಾದ ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಬೇಕು, ರಾತ್ರಿ ಹನ್ನೊಂದಕ್ಕೂ ಅದು ರಕ್ತದಲ್ಲಿ ಎಚ್ಚರವಾಗಿಯೇ ಇರುತ್ತದೆ. ಆಗ ನಿದ್ದೆಯ ಮಾತ್ರೆ.

ಅಶ್ವಗಂಧಕ್ಕೆ ಕನ್ನಡದಲ್ಲಿ ಹಿರೇಮದ್ದು ಎಂಬ ಹೆಸರಿದೆ. ಹೆಸರೇ ಅಷ್ಟು ದೊಡ್ಡದಿರುವಾಗ ಅದನ್ನು ಸುಮ್ಮನೆ ನುಂಗಬಾರದು ಎಂದು ನಮಗೆ ಹೊಳೆಯಬೇಕಿತ್ತು. ಸಸ್ಯದಿಂದ ಬಂದದ್ದು, ಏನೂ ಮಾಡುವುದಿಲ್ಲ ಎಂಬ ಮಾತನ್ನು ನಮ್ಮ ಶಾಖೆಯಲ್ಲಿ ನೂರು ಸಲ ಕೇಳಿದ್ದೇನೆ. ಏನೂ ಮಾಡದಿದ್ದರೆ ತೆಗೆದುಕೊಳ್ಳುವುದು ಯಾಕೆ? ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳಿವೆ, 2023ರಲ್ಲಿ ಡೆನ್ಮಾರ್ಕ್ ಅದನ್ನು ಆಹಾರ ಪೂರಕಗಳಲ್ಲಿ ನಿಷೇಧಿಸಿತು. ಥೈರಾಯ್ಡ್ ಮಾತ್ರೆ ನುಂಗುತ್ತಿದ್ದ ನಮ್ಮ ಸಹೋದ್ಯೋಗಿ ಅದರ ಮೇಲೆ ಇದನ್ನೂ ನುಂಗುತ್ತಿದ್ದರು, ಮತ್ತು ಯಾವ ವೈದ್ಯರಿಗೂ ಹೇಳಿರಲಿಲ್ಲ. ಮನೆಯ ಹಿತ್ತಲಿನ ತಿಮರೆಯ ತಂಬುಳಿ ಉಂಡು ಬೆಳೆದ ನಮಗೆ ಗಿಡಮೂಲಿಕೆಯ ಮೇಲೆ ನಂಬಿಕೆ ಸಹಜ. ಆದರೆ ಊಟದ ಎಲೆಯ ಮೂಲೆಯಲ್ಲಿ ಬಡಿಸುವ ತಂಬುಳಿಯೂ ಗಿಡದ ಸಾರವನ್ನು ಗಟ್ಟಿಗೊಳಿಸಿ ತುಂಬಿದ ಕ್ಯಾಪ್ಸೂಲೂ ಒಂದೇ ಪ್ರಮಾಣದವಲ್ಲ.

ಇಲ್ಲಿ ನಮ್ಮ ಮನೆಯ ವಿಷಯವನ್ನೂ ಹೇಳಬೇಕು. ಕೆಲಸದ ದಣಿವಿಗೆ ಏನನ್ನಾದರೂ ಬಾಯಿಗೆ ಹಾಕಿಕೊಳ್ಳುವುದು ಬ್ಯಾಂಕಿನವರು ಕಂಡುಹಿಡಿದದ್ದಲ್ಲ. ನಮ್ಮ ತೋಟದಲ್ಲಿ ಕೆಲಸ ಮಾಡುವವರು ಎಲೆ ಅಡಿಕೆ ಇಲ್ಲದೆ ಗುದ್ದಲಿ ಮುಟ್ಟುವುದಿಲ್ಲ. ಅಡಿಕೆಯಲ್ಲಿರುವ ಅರಿಕೋಲಿನ್ ಎಂಬ ರಾಸಾಯನಿಕ ಮೈ ಬೆಚ್ಚಗೆ ಮಾಡಿ, ಹಸಿವು ಆಯಾಸ ಮರೆಸುತ್ತದೆ. ಅದೇ ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕ ಎಂದು ಹೇಳಿತು. ಆ ಅಡಿಕೆಯ ದುಡ್ಡಿನಲ್ಲಿ ನಾನು ಓದಿದ್ದು. ಅಪ್ಪನ ಎದುರು ಈ ಮಾತನ್ನು ಎತ್ತಲು ನನಗೆ ಇವತ್ತಿಗೂ ಧೈರ್ಯವಿಲ್ಲ.

ಕರಿಮಣಿ

ಕೊಳೆರೋಗ ಬಂದು ಫಸಲು ಅರ್ಧಕ್ಕರ್ಧ ಉದುರಿಹೋಗಿದ್ದ ವರ್ಷ. ಎಪ್ಪತ್ತರ ಆಸುಪಾಸಿನ ಒಬ್ಬರು ಹೆಂಡತಿಯ ಕರಿಮಣಿ ಸರವನ್ನು ಕರವಸ್ತ್ರದಲ್ಲಿ ಕಟ್ಟಿ ತಂದು ಮೇಜಿನ ಮೇಲಿಟ್ಟರು. ಅಕ್ಕಸಾಲಿಗರು ಒರೆಗಲ್ಲಿಗೆ ಉಜ್ಜುವಾಗ ಅವರು ಆ ಕಡೆ ನೋಡಲಿಲ್ಲ, ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಸಾಲದ ಕಾಗದಗಳ ಜೊತೆ ನಾನು ವಿಮೆಯ ಅರ್ಜಿಯನ್ನೂ ಸೇರಿಸಿದೆ. ಅವರು ಬೆರಳಿಟ್ಟು ಕೇಳಿದರು: ‘ಇದು ಕಡ್ಡಾಯವೇ ಮಗಳೇ?’

ಕಡ್ಡಾಯವಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ‘ಮಾಡಿಸಿಕೊಂಡರೆ ಒಳ್ಳೆಯದು’ ಎಂದೆ. ಅವರು ಸಹಿ ಮಾಡಿದರು. ಸಾಲದ ಹಣದಲ್ಲಿಯೇ ಮೊದಲ ಕಂತು ಕಡಿತವಾಯಿತು.

ಆ ಹೊತ್ತಿನಲ್ಲಿ ನನ್ನ ಎದೆ ಒಂದು ಬಡಿತವೂ ಹೆಚ್ಚಾಗಿ ಹೊಡೆದುಕೊಳ್ಳಲಿಲ್ಲ. ಆ ದಿನ ಎರಡು ಕರೆಗಳಿದ್ದುದರಿಂದ ಬೆಳಿಗ್ಗೆಯೇ ಒಂದು ಮಾತ್ರೆ ನುಂಗಿದ್ದೆ. ಅವರು ಹೋದ ಮೇಲೆ ಕೈಗಳನ್ನು ನೋಡಿಕೊಂಡೆ, ನಡುಕವಿರಲಿಲ್ಲ, ಬೆವರಿರಲಿಲ್ಲ. ಒಂದು ವರ್ಷದ ಹಿಂದೆ ಇದೇ ಮಾತನ್ನು ಇನ್ನೊಬ್ಬರಿಗೆ ಹೇಳುವಾಗ ನನ್ನ ಗಂಟಲು ಒಣಗಿ, ‘ಬೇಡ ಬಿಡಿ, ಇದು ಬೇಕಾಗಿಲ್ಲ’ ಎಂದು ಅರ್ಜಿ ಹಿಂದಕ್ಕೆ ತೆಗೆದುಕೊಂಡಿದ್ದೆ. ಆ ಒಣಗಿದ ಗಂಟಲನ್ನೇ ನಾನು ಕಾಯಿಲೆ ಎಂದು ಹೇಳಿಕೊಂಡು ಮಂಗಳೂರಿಗೆ ಹೋಗಿದ್ದೆ. ಎದೆ ಹೊಡೆದುಕೊಳ್ಳುವುದು ಹೆದರಿಕೆಗೋ ನಾಚಿಕೆಗೋ ಎಂದು ಮಾತ್ರೆಗೆ ತಿಳಿಯುವುದಿಲ್ಲ. ಎರಡನ್ನೂ ಒಟ್ಟಿಗೆ ಸುಮ್ಮನಾಗಿಸುತ್ತದೆ.

ಮಾರ್ಚಿನ ಒಂದು ಸಂಜೆ

ನಮ್ಮ ಶಾಖೆಗೆ ಹುಡುಗಿಯೊಬ್ಬಳು ಹೊಸದಾಗಿ ಬಂದಿದ್ದಳು, ಇಪ್ಪತ್ತನಾಲ್ಕು ವರ್ಷ, ಕುಂಬಳೆಯ ಕಡೆಯವಳು. ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ಮ್ಯಾನೇಜರ್ ರಜೆಯಲ್ಲಿದ್ದ ದಿನ ಠೇವಣಿಯ ಅಂಕಿಗಳನ್ನು ಅವಳೇ ಹೇಳಬೇಕಾಗಿ ಬಂತು. ಐದು ಗಂಟೆಗೆ ನೋಡಿದರೆ ಕಾಗದ ಹಿಡಿದ ಅವಳ ಕೈ ನನ್ನ ಹಳೆಯ ಕೈಯ ಹಾಗೆಯೇ ಅದುರುತ್ತಿತ್ತು. ನನಗೆ ಕರುಳು ಚುರ್ರೆಂದಿತು. ಡ್ರಾವರ್ ಎಳೆದು ಒಂದು ಮಾತ್ರೆ ಕೊಟ್ಟೆ. ‘ಇದು ನಿದ್ದೆಯ ಮಾತ್ರೆಯಲ್ಲ, ಹೆದರಬೇಡ. ಎದೆ ಸುಮ್ಮನಿರುತ್ತದೆ ಅಷ್ಟೆ.’ ಅವಳು ಏನೂ ಕೇಳದೆ ನುಂಗಿದಳು. ಕೇಳಬೇಕಾದದ್ದು ನಾನು.

ಕರೆ ಚೆನ್ನಾಗಿಯೇ ನಡೆಯಿತು. ಏಳರ ಹೊತ್ತಿಗೆ ಶಟರ್ ಎಳೆಯುವಾಗ ಅವಳು ಹೊರಗಿನ ಮೆಟ್ಟಿಲಲ್ಲಿ ಕುಳಿತಿದ್ದಳು. ಬೆನ್ನು ಬಗ್ಗಿಸಿ, ಎರಡೂ ಕೈಗಳನ್ನು ಮಂಡಿಗೆ ಊರಿ. ಹತ್ತಿರ ಹೋದಾಗ ಅವಳ ಎದೆಯಿಂದ ಸಣ್ಣ ಸಿಳ್ಳೆಯಂತಹ ಸದ್ದು ಕೇಳಿಸಿತು. ‘ಅಕ್ಕ, ಉಸಿರು’ ಎಂದಳು, ಮುಂದಿನ ಪದ ಬರಲಿಲ್ಲ. ಆಟೊದಲ್ಲಿ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಆ ಸಿಳ್ಳೆಯನ್ನು ಕೇಳುತ್ತಾ ಕುಳಿತಿದ್ದೆ. ನೆಬ್ಯುಲೈಸರ್ ಮುಖಕ್ಕೆ ಕಟ್ಟುತ್ತಾ ಕರ್ತವ್ಯದಲ್ಲಿದ್ದ ವೈದ್ಯೆ ಕೇಳಿದರು: ‘ಏನಾದರೂ ಮಾತ್ರೆ ತೆಗೆದುಕೊಂಡಿದ್ದಾರಾ?’ ಉತ್ತರ ಹೇಳಲು ನಾನು ಎಷ್ಟು ತಡಮಾಡಿದೆ ಎಂಬುದು ನನಗೆ ಮಾತ್ರ ಗೊತ್ತು. ಹೇಳಿದೆ. ಅವರು ನನ್ನ ಮುಖ ನೋಡಿದರು. ಅವಳಿಗೆ ಚಿಕ್ಕಂದಿನಿಂದ ದಮ್ಮು ಇತ್ತು, ಹತ್ತನೆಯ ತರಗತಿಯ ನಂತರ ಇನ್‌ಹೇಲರ್ ಬಿಟ್ಟಿದ್ದಳು. ಪ್ರೊಪ್ರನೊಲಾಲ್ ಹೃದಯದ ಬಾಗಿಲಲ್ಲಿ ಮಾತ್ರ ಕೂರುವುದಿಲ್ಲ, ಶ್ವಾಸನಾಳವನ್ನು ಸಡಿಲವಾಗಿಡುವ ಜಾಗದಲ್ಲೂ ಕೂರುತ್ತದೆ. ದಮ್ಮು ಇರುವವರಲ್ಲಿ ನಾಳ ಬಿಗಿದುಕೊಳ್ಳುತ್ತದೆ. ಅದನ್ನು ಬಿಡಿಸಲು ಕೊಡುವ ಮಾಮೂಲಿ ಔಷಧಿಯೂ ಆಗ ಸರಿಯಾಗಿ ಹಿಡಿಯುವುದಿಲ್ಲ, ಯಾಕೆಂದರೆ ಅದು ಹೋಗಿ ಕೆಲಸ ಮಾಡಬೇಕಾದ ಜಾಗದಲ್ಲಿ ಈ ಮಾತ್ರೆಯೇ ಕುಳಿತಿರುತ್ತದೆ. ರಾತ್ರಿಯಿಡೀ ಅಲ್ಲಿ ಇಟ್ಟುಕೊಂಡರು. ಬೆಳಗಿನ ಜಾವ ಅವಳು ನಿದ್ದೆ ಹೋದಳು. ಅವಳ ಅಮ್ಮ ನನ್ನ ಕೈ ಹಿಡಿದು, ‘ನೀವು ಇದ್ದದ್ದಕ್ಕೆ ಆಯಿತು ಅಕ್ಕ’ ಎಂದರು. ಅವರಿಗೆ ಆಗಲೇ ನಿಜ ಹೇಳಲು ನನ್ನಿಂದ ಆಗಲಿಲ್ಲ. ಮರುದಿನ ಮನೆಗೆ ಹೋಗಿ ಹೇಳಿದೆ.

ಮಂಗಳೂರಿನ ವೈದ್ಯರು ನನಗೆ ಚೀಟಿ ಬರೆಯುವ ಮೊದಲು ಕೇಳಿದ್ದು ಇದನ್ನೇ, ದಮ್ಮು ಇತ್ತೇ ಎಂದು. ಮಾತ್ರೆ ನನ್ನ ಡ್ರಾವರಿಗೆ ಬಂದಿತ್ತು, ಪ್ರಶ್ನೆ ಬಂದಿರಲಿಲ್ಲ. ಅಪ್ಪ ನಲವತ್ತು ವರ್ಷಗಳಿಂದ ಬೋರ್ಡೋ ಕಲಸುತ್ತಿದ್ದಾರೆ. ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು. ಬಣ್ಣ ನೋಡಿಯೇ ಹದ ಹೇಳಬಲ್ಲರು. ಆದರೂ ಪ್ರತಿ ಸಲ, ತಿಕ್ಕಿ ಹೊಳೆಯುವಂತೆ ಮಾಡಿದ ಕತ್ತಿಯನ್ನು ದ್ರಾವಣಕ್ಕೆ ಅದ್ದಿ ತೆಗೆಯುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಹುಳಿ ಉಳಿದಿದೆ ಎಂದು ಅರ್ಥ, ಇನ್ನಷ್ಟು ಸುಣ್ಣದ ತಿಳಿ ಬೇಕು. ಹಾಗೆಯೇ ಹೊಡೆದರೆ ಹಿಂಗಾರ ಸುಟ್ಟುಹೋಗುತ್ತದೆ. ಅಡಿಕೆ ಮರಕ್ಕೆ ಅಪ್ಪ ತೋರಿಸುವಷ್ಟು ಎಚ್ಚರವನ್ನು ನಾನು ಆ ಹುಡುಗಿಗೆ ತೋರಿಸಲಿಲ್ಲ.

ಮಳೆ ಮತ್ತು ಗುರಿ

ಅಡಿಕೆಗೆ ಮದ್ದು ಬಿಡುವುದು ಮಳೆ ಬರುತ್ತದೆ ಎಂಬ ಕಾರಣಕ್ಕೆ. ಕರಾವಳಿಯ ಮಳೆಯನ್ನು ಯಾರೂ ತಡೆಯಲಾರರು, ಆದ್ದರಿಂದ ಮೊದಲೇ ಗೊನೆಗೆ ಕವಚ ತೊಡಿಸುತ್ತೇವೆ, ನಲವತ್ತು ನಲವತ್ತೈದು ದಿನಗಳಲ್ಲಿ ಇನ್ನೊಮ್ಮೆ. ನಾವು ಶಾಖೆಯಲ್ಲಿ ಮಾಡುತ್ತಿದ್ದುದೂ ಹಾಗೆಯೇ. ಮಾರ್ಚ್ ಬರುತ್ತದೆ, ಆರು ಗಂಟೆ ಬರುತ್ತದೆ ಎಂದು ಮೊದಲೇ ನುಂಗಿ ಕುಳಿತಿರುತ್ತಿದ್ದೆವು. ಆದರೆ ಗುರಿ ಆಕಾಶದಿಂದ ಬಿದ್ದದ್ದಲ್ಲ. ಏಳು ಜನರ ಶಾಖೆ ಇಷ್ಟು ಪಾಲಿಸಿ ಮಾರಬೇಕು ಎಂದು ಒಬ್ಬರು ಯಾರೋ ಮೇಜಿನ ಮುಂದೆ ಕುಳಿತು ಬರೆದಿದ್ದಾರೆ. ಬರೆದದ್ದನ್ನು ತಿದ್ದಬಹುದು. ನಾವು ನುಂಗಿ ಅಂಕಿ ಹೇಳುತ್ತಿದ್ದಷ್ಟು ಕಾಲ ತಿದ್ದುವ ಕಾರಣ ಅವರಿಗೆ ಕಾಣಿಸಲಿಲ್ಲ. ನಮ್ಮ ಶಾಖೆ ‘ಒತ್ತಡವನ್ನು ಚೆನ್ನಾಗಿ ನಿಭಾಯಿಸುತ್ತದೆ’ ಎಂದು ಒಮ್ಮೆ ಹೊಗಳಿಸಿಕೊಂಡೂ ಇತ್ತು.

ನಾನು ಎಣ್ಮಕಜೆಯಲ್ಲಿ ಬೆಳೆದವಳು. ಗೇರು ಗುಡ್ಡಗಳ ಮೇಲೆ ಹೆಲಿಕಾಪ್ಟರ್ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದ ವರ್ಷಗಳಲ್ಲಿ ಶಾಲೆಗೆ ಹೋಗುತ್ತಿದ್ದೆ. ಅದಕ್ಕೂ ನಾವು ಮದ್ದು ಎಂದೇ ಹೇಳುತ್ತಿದ್ದೆವು. ‘ನಾಳೆ ಮದ್ದು ಬಿಡುತ್ತಾರಂತೆ’ ಎಂದು ಸುದ್ದಿ ಬಂದರೆ ಅಮ್ಮ ಬಾವಿಗೆ ಮಡಲು ಮುಚ್ಚುತ್ತಿದ್ದರು. ಮಕ್ಕಳಾದ ನಾವು ಹೆಲಿಕಾಪ್ಟರ್ ನೋಡಲು ಗುಡ್ಡ ಹತ್ತುತ್ತಿದ್ದೆವು. 2000ದಲ್ಲಿ ಅದು ನಿಂತಿತು, ಅದರ ಫಲ ಉಂಡವರು ಇನ್ನೂ ಹಾಸಿಗೆಯಲ್ಲಿದ್ದಾರೆ. ಅವರ ಸಂಕಟದ ಪಕ್ಕದಲ್ಲಿ ನನ್ನ ಮಾತ್ರೆಯನ್ನು ಇಡುವ ಧಾರ್ಷ್ಟ್ಯ ನನಗಿಲ್ಲ. ಒಂದು ಮಾತು ಮಾತ್ರ ಆ ಮಣ್ಣಿನಿಂದ ಕಲಿತದ್ದು ಎಂದು ಹೇಳುತ್ತೇನೆ: ಯಾವುದಕ್ಕಾದರೂ ಮದ್ದು ಎಂಬ ಹೆಸರು ಬಂದಾಗ, ಇಳುವರಿ ಯಾರದ್ದು, ಅದು ಸೇರುವ ಮೈ ಯಾರದ್ದು ಎಂದು ನಾನು ಕೇಳಬೇಕಿತ್ತು.

ಬಿಡುವುದು

ಇದನ್ನು ಓದಿ ಯಾರೂ ತಮ್ಮ ಮಾತ್ರೆಯನ್ನು ಎಸೆಯಬಾರದು. ನಮ್ಮ ಕುಟುಂಬದಲ್ಲೇ ಖಿನ್ನತೆಗೆ ವರ್ಷಗಳಿಂದ ಮಾತ್ರೆ ತೆಗೆದುಕೊಳ್ಳುವವರಿದ್ದಾರೆ, ಆ ಮಾತ್ರೆಯಿಂದಲೇ ಅವರು ಮಕ್ಕಳ ಮದುವೆ ಮಾಡಿದರು, ತೋಟ ನೋಡಿಕೊಂಡರು. ಅದನ್ನು ನಮ್ಮ ಡ್ರಾವರಿನ ಜೊತೆ ಸೇರಿಸಿ ಬೈಯುವುದು ಅನ್ಯಾಯ. ಆಲ್‌ಪ್ರಜೊಲಾಮನ್ನು ತಿಂಗಳುಗಟ್ಟಲೆ ನುಂಗಿದವರು ಥಟ್ಟನೆ ನಿಲ್ಲಿಸಿದರೆ ಅಪಸ್ಮಾರದಂತಹ ಸೆಳವು ಬರುವ ಅಪಾಯವೂ ಇದೆ. ನಾನು ಮತ್ತೆ ಅದೇ ವೈದ್ಯರ ಬಳಿ ಹೋದೆ. ಅವರು ಬೈಯಲಿಲ್ಲ. ಚೀಟಿಯಲ್ಲಿ ಐದು ತಿಂಗಳ ಲೆಕ್ಕ ಬರೆದುಕೊಟ್ಟರು, ಅರ್ಧ, ಕಾಲು, ದಿನ ಬಿಟ್ಟು ದಿನ. ಬಸ್ಸಿನಲ್ಲಿ ಅಕ್ಕ ಕೇಳಿದ್ದು ಆ ಲೆಕ್ಕದ ಎರಡನೆಯ ತಿಂಗಳಲ್ಲಿ. ಆ ರಾತ್ರಿಗಳು ಕಷ್ಟದವು. ಮೂರು ಗಂಟೆಗೆ ಎದ್ದು ಅಂಗಳದಲ್ಲಿ ಕುಳಿತಿರುತ್ತಿದ್ದೆ, ಅಪ್ಪ ಏನೂ ಕೇಳದೆ ಬಂದು ಜಗಲಿಯ ದೀಪ ಹಾಕುತ್ತಿದ್ದರು. ಒಂದು ರಾತ್ರಿ 14416ಕ್ಕೆ ಕರೆ ಮಾಡಿದ್ದೆ, ಸರ್ಕಾರದ ಟೆಲಿಮಾನಸ್ ಸಹಾಯವಾಣಿ, ಹಗಲೂ ರಾತ್ರಿ ಉಚಿತ. ಆ ಕಡೆಯ ಹುಡುಗಿ ಹೆಚ್ಚೇನೂ ಹೇಳಲಿಲ್ಲ, ಕೇಳಿಸಿಕೊಂಡಳು. ಆ ರಾತ್ರಿಗೆ ಅಷ್ಟು ಸಾಕಾಗಿತ್ತು.

ಆಸ್ಪತ್ರೆಯ ಘಟನೆಯ ನಂತರ ಮ್ಯಾನೇಜರ್ ಬಳಿ ಎಲ್ಲವನ್ನೂ ಹೇಳಿದ್ದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ತಮ್ಮ ಮೇಜಿನ ಡ್ರಾವರ್ ಎಳೆದು ತೋರಿಸಿದರು. ಏಳು ಜನರಲ್ಲಿ ಐವರದ್ದು ಇದೇ ಕಥೆಯಾಗಿತ್ತು. ಎಲ್ಲರೂ ಸಹಿ ಮಾಡಿ ಮೇಲಿನ ಕಚೇರಿಗೆ ಪತ್ರ ಬರೆದೆವು: ಸಂಜೆಯ ಕರೆ ಬೇಡ, ಅಂಕಿಗಳನ್ನು ಬರೆದು ಕಳಿಸುತ್ತೇವೆ, ಇಷ್ಟು ಪಾಲಿಸಿ ಈ ಊರಿನಲ್ಲಿ ಆಗುವುದಿಲ್ಲ. ಕರೆ ವಾರಕ್ಕೆ ಎರಡಾಯಿತು. ಮಾರ್ಚಿನಲ್ಲಿ ಮತ್ತೆ ದಿನವೂ ಬಂತು. ಗುರಿ ಸ್ವಲ್ಪ ಇಳಿಯಿತು, ಮರುವರ್ಷ ಏರಿತು. ಈ ಸಲ ಮತ್ತೆ ಬರೆದಿದ್ದೇವೆ. ‘ಎಂದಾಯಿ?’ ಎಂದು ಕೇಳಿದಾಗ ನನ್ನ ಧ್ವನಿ ಈಗಲೂ ನಡುಗುತ್ತದೆ, ನಡುಗುತ್ತಲೇ ಹೇಳುತ್ತೇನೆ. ಕರಿಮಣಿ ಅಡವಿಟ್ಟವರ ಮನೆಗೆ ಹೋಗಿ ಪಾಲಿಸಿ ಕಡ್ಡಾಯವಿರಲಿಲ್ಲವೆಂದು ಹೇಳಿದೆ. ರದ್ದು ಮಾಡುವ ಅವಧಿ ಮುಗಿದಿತ್ತು. ಎರಡನೆಯ ಕಂತು ಅವರು ಕಟ್ಟಲಿಲ್ಲ, ಮೊದಲಿನದು ಅವರಿಗೆ ಮರಳಿ ಸಿಗಲಿಲ್ಲ.

ಆ ಹುಡುಗಿ ಈಗ ನನ್ನ ಪಕ್ಕದ ಕೌಂಟರಿನಲ್ಲಿದ್ದಾಳೆ. ನೀಲಿ ಇನ್‌ಹೇಲರ್ ಅವಳ ಮೇಜಿನ ಮೇಲೆಯೇ ಇರುತ್ತದೆ, ತಾರೀಕಿನ ಮೊಹರಿನ ಪಕ್ಕದಲ್ಲಿ. ಕಳೆದ ವಾರ ಪಿಂಚಣಿಗೆ ಬಂದಿದ್ದ ಅಜ್ಜಿಯೊಬ್ಬರು ಅದನ್ನು ನೋಡಿ, ‘ಅದೇನು ಮಗಳೇ?’ ಎಂದರು. ‘ನನಗೆ ದಮ್ಮು ಉಂಟು ಅಜ್ಜಿ, ಅದಕ್ಕೆ ಮದ್ದು’ ಎಂದಳು, ಹಿಂದಿನ ಸಾಲಿನವರಿಗೂ ಕೇಳಿಸುವಂತೆ. ನಾನು ಕೈಯಲ್ಲಿದ್ದ ಸರವನ್ನು ತಕ್ಕಡಿಯಲ್ಲಿಟ್ಟು ಮತ್ತೊಮ್ಮೆ ತೂಗಿದೆ.